ಸಹಾಯ ಬೇಕು: ರಾಸ್ಪ್‌ಬೆರಿ ಪೈ ಇನ್‌ಪುಟ್ ಪಿನ್ ಸುಳ್ಳು ಸಿಗ್ನಲ್ ಕೊಡ್ತಿದೆ

ಎಲ್ಲರಿಗೂ ನಮಸ್ಕಾರ. ಮನೆ ಟ್ಯಾಂಕ್ ತುಂಬಿದ ಕೂಡಲೇ ಮೋಟರ್ ತಾನಾಗಿಯೇ ಆಫ್ ಆಗಲಿ ಅಂತ ರಾಸ್ಪ್‌ಬೆರಿ ಪೈ 3 (ಪುಟ್ಟ ಕಂಪ್ಯೂಟರ್ ಬೋರ್ಡ್) ಇಟ್ಟು ಒಂದು ವ್ಯವಸ್ಥೆ ಮಾಡಿದ್ದೀನಿ. ತಾರಸಿಯ ಫ್ಲೋಟ್ ಸ್ವಿಚ್‌ನಿಂದ (ನೀರಿನ ಮಟ್ಟ ನೋಡಿ ಆನ್-ಆಫ್ ಆಗೋ ಸ್ವಿಚ್) ಸುಮಾರು 20 ಮೀಟರ್ ವೈರ್ ಕೆಳಗೆ ಬರುತ್ತೆ. ಒಂದು ತುದಿ ಜಿಪಿಐಒ (ಸಿಗ್ನಲ್ ಓದೋಕೆ, ಕಳಿಸೋಕೆ ಇರೋ ಪಿನ್) 17ಕ್ಕೆ, ಅಂದ್ರೆ ಬೋರ್ಡಿನ 11ನೇ ಪಿನ್‌ಗೆ. ಇನ್ನೊಂದು 9ನೇ ಪಿನ್ ಗ್ರೌಂಡ್‌ಗೆ. ಪೈಥಾನ್‌ನಲ್ಲಿ ಒಳಗಿನ ಪುಲ್‌ಅಪ್ (ಸ್ವಿಚ್ ಕೂಡದಿದ್ದಾಗ ಪಿನ್ನನ್ನ 1ರಲ್ಲೇ ಇಡೋ ರೆಸಿಸ್ಟರ್) ಆನ್ ಮಾಡಿದ್ದೀನಿ. ಟ್ಯಾಂಕ್ ತುಂಬಿದ್ರೆ ಸ್ವಿಚ್ ಕೂಡಿ ಪಿನ್ 0 ಆಗ್ಬೇಕು.

ಆದ್ರೆ ಮೋಟರ್ ಸ್ಟಾರ್ಟ್ ಆದ ಕ್ಷಣಕ್ಕೇ ಟ್ಯಾಂಕ್ ಖಾಲಿ ಇದ್ರೂ 'ತುಂಬಿದೆ' ಅಂತ ಓದಿ, ಮೋಟರ್ ಆನ್-ಆಫ್ ಮಾಡೋ ರಿಲೇ ಟಕ್ ಅಂತ ಬಿಟ್ಟುಬಿಡುತ್ತೆ. ನಿನ್ನೆ ಬೆಳಗ್ಗೆ ಆರು ಸಲ ಹೀಗಾಯ್ತು, ಅಮ್ಮ ಕೊನೆಗೆ ಕೈಯಲ್ಲೇ ಸ್ವಿಚ್ ಹಾಕಿ ನೀರು ತುಂಬಿಸಿಕೊಂಡ್ರು.

ಪ್ರೋಗ್ರಾಂನಲ್ಲಿ 0.1 ಸೆಕೆಂಡ್ ಬೌನ್ಸ್ ಟೈಮ್ (ಸಿಗ್ನಲ್ ಬದಲಾದ ಮೇಲೆ ಅಷ್ಟು ಹೊತ್ತು ಬೇರೆ ಬದಲಾವಣೆ ಲೆಕ್ಕಿಸದಿರೋದು) ಕೊಟ್ಟು ನೋಡಿದೆ, ಪ್ರಯೋಜನ ಆಗಲಿಲ್ಲ. ಉದ್ದದ ವೈರ್ ಬಿಚ್ಚಿ, 11 ಮತ್ತು 9ರ ನಡುವೆ ಚಿಕ್ಕ ಜಂಪರ್ ಹಾಕಿ ತೆಗೆದು ಮಾಡಿದ್ರೆ ಮೋಟರ್ ಓಡ್ತಿದ್ರೂ ಸರಿಯಾಗಿ ಓದುತ್ತೆ. ಹಾಗಾಗಿ ಕೋಡ್ ಸರಿ ಇದೆ, ವೈರಿನಲ್ಲೇ ನಾಯ್ಸ್ (ಬೇಡದ ವಿದ್ಯುತ್ ಸಿಗ್ನಲ್) ಬರ್ತಿದೆ ಅನ್ಸುತ್ತೆ. ವೈರ್ ಮೋಟರ್ ಕೇಬಲ್ ಇರೋ ಪೈಪಿನಲ್ಲೇ ಇದೆ, ಬೇರೆ ದಾರಿ ಇಲ್ಲ.

ನನ್ನ ಗೊಂದಲ ಇಲ್ಲಿದೆ: ಒಳಗಿನ ಪುಲ್‌ಅಪ್ ಸುಮಾರು 50 ಕಿಲೋಓಮ್, ಇಷ್ಟುದ್ದ ವೈರಿಗೆ ತೀರಾ ದುರ್ಬಲ. ಜಿಪಿಐಒ 2ರಲ್ಲಿ ಬೋರ್ಡಿನ ಮೇಲೇ 1.8 ಕಿಲೋಓಮ್ ಪುಲ್‌ಅಪ್ ಇದೆ. ವೈರನ್ನ ಅಲ್ಲಿಗೆ ಬದಲಾಯಿಸಿದ್ರೆ ಸಾಕಾ? ಇಲ್ಲಾ 17ರಲ್ಲೇ 3.3 ವೋಲ್ಟ್‌ಗೆ ಹೊರಗಿನ ರೆಸಿಸ್ಟರ್, ಜೊತೆಗೆ ಕೆಪಾಸಿಟರ್ ಹಾಕ್ಬೇಕಾ? ಹಾಕೋದಾದ್ರೆ ಎಷ್ಟು ಓಮ್, ಎಷ್ಟು ಫ್ಯಾರಡ್‌ದು? ಅಥವಾ ಆಪ್ಟೋಕಪ್ಲರ್ (ವೈರನ್ನೂ ಪಿನ್ನನ್ನೂ ನೇರ ಕೂಡಿಸದೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸೋ ಚಿಪ್) ಇಲ್ಲದೆ ಆಗೋದೇ ಇಲ್ವಾ?