ಚಳಿ ಶುರುವಾದಾಗಿಂದ ನಮ್ಮ ಲೆಪರ್ಡ್ ಗೆಕ್ಕೊ ಊಟ ಬಿಟ್ಟಿದೆ, ಏನು ಮಾಡಲಿ?

ಚುಕ್ಕಿ ಮನೆಯವಳು, ಮಿಸ್ಸಿಸಾಗ

ಎಲ್ಲರಿಗೂ ನಮಸ್ಕಾರ. ಮಗಳು ಸಾಕಿರುವುದು ಲೆಪರ್ಡ್ ಗೆಕ್ಕೊ ಅನ್ನುವ ಜಾತಿಯ ಹಲ್ಲಿ, ಹೆಸರು ಚುಕ್ಕಿ. ಹೆಸರು ಹೀಗಿದ್ರೂ ಗಂಡು, ಮೂರು ವರ್ಷ ದಾಟಿದೆ. ನವೆಂಬರ್ ಕೊನೆಯಿಂದ ಊಟ ಮುಟ್ಟುತ್ತಿಲ್ಲ. ಮೊದಲೆಲ್ಲ ಊಟಕ್ಕೆ ಹಾಕುವ ಜಿರಳೆ ಕಂಡರೆ ಸಾಕು, ಬಾಲದ ತುದಿ ನಡುಗಿಸುತ್ತಾ ಬೇಟೆಗೆ ಇಳಿಯುತ್ತಿದ್ದ. ಈಗ ಜಿರಳೆ ಮೂಗಿನ ಮುಂದೆಯೇ ಓಡಾಡಿದರೂ ಒಂದು ಸಲ ತುಟಿ ನೆಕ್ಕಿಕೊಳ್ಳುತ್ತಾನೆ, ಆಮೇಲೆ ರೆಪ್ಪೆ ಮುಚ್ಚಿ ಮುಖ ಆಚೆ ತಿರುಗಿಸುತ್ತಾನೆ.

ಅಕ್ಟೋಬರ್‌ನಲ್ಲಿ ತೂಕ 64 ಗ್ರಾಂ ಇತ್ತು, ನಿನ್ನೆ 62. ಬಾಲ ದಪ್ಪವಾಗೇ ಇದೆ. ಟ್ಯಾಂಕ್ ಇರೋದು ಬೇಸ್‌ಮೆಂಟ್‌ನಲ್ಲಿ, ಅದರ ತಳಕ್ಕೆ ಬಿಸಿ ಕೊಡುವ ಹೀಟ್ ಮ್ಯಾಟ್ ಇದೆ. ಪೆಟ್ ಅಂಗಡಿಯ ಹುಡುಗ "ಆಹಾರದ ಪುಡಿ ಕಲಸಿ ಸಿರಿಂಜಿನಲ್ಲಿ ಬಾಯಿಗೆ ಹಾಕಿ" ಅಂದ. ಊರಿಂದ ಬಂದಿರುವ ನಮ್ಮಮ್ಮ, ಹಿಂದೊಮ್ಮೆ ತಲೆ ಮೇಲೆ ಹಲ್ಲಿ ಬಿತ್ತು ಅಂತ ಕಂಚಿಗೆ ಹೋಗಿ ಚಿನ್ನದ ಹಲ್ಲಿ ಮುಟ್ಟಿ ಬಂದವರು, ಈಗ ದಿನಾ ಮೆಟ್ಟಿಲು ಇಳಿದು ಬಂದು "ಏನಾದ್ರೂ ತಿಂದ್ನಾ?" ಅಂತ ವಿಚಾರಿಸುತ್ತಾರೆ. ಸಿರಿಂಜ್ ತರಲಾ, ಬೇಡವಾ?

ಹಾಸನದ ಹುಡುಗ, ಡಲ್ಲಾಸ್

ಮೊದಲು ಟೆಂಪರೇಚರ್ ಎಷ್ಟಿದೆ ಹೇಳಿ. ಗಾಜಿಗೆ ಅಂಟಿಸುವ ಗುಂಡನೆ ಮೀಟರ್ ನಂಬಬೇಡಿ, ಅದು ತೋರಿಸೋದು ಆ ಎತ್ತರದ ಗಾಳಿಯ ಬಿಸಿ. ವೈರ್ ಇರುವ ಡಿಜಿಟಲ್ ಥರ್ಮಾಮೀಟರ್ ತಗೊಂಡು ಅದರ ತುದಿಯನ್ನು ಮ್ಯಾಟ್ ಮೇಲಿರುವ ಬಿಸಿ ಗೂಡಿನ ಒಳಗೆ ನೆಲಕ್ಕೇ ತಾಗಿಸಿ ಇಡಿ. ಪೊರೆ ಬಿಡುವ ಟೈಮ್ ಅಲ್ಲ ತಾನೇ? ಮೈ ಬಣ್ಣ ಮಂಕಾಗಿ ಬೆಳ್ಳಗಾಗಿದ್ರೆ ಕೆಲವು ದಿನ ತಿನ್ನಲ್ಲ, ಅದು ಮಾಮೂಲು.

ಚುಕ್ಕಿ ಮನೆಯವಳು, ಮಿಸ್ಸಿಸಾಗ

ಅಳೆದು ನೋಡಿದೆ. ಗೂಡಿನ ನೆಲ 27 ಡಿಗ್ರಿ ಸೆಲ್ಸಿಯಸ್, ತಣ್ಣನೆ ಮೂಲೆ 19. ಗಾಜಿನ ಮೇಲಿನ ಮೀಟರ್ ಬೇರೇನೇ ಹೇಳ್ತಿತ್ತು! ಪೊರೆ ದೀಪಾವಳಿ ಹೊತ್ತಿಗೇ ಬಿಟ್ಟಾಯ್ತು.

ಶಿರಸಿ ಭಾವ, ಬಫಲೋ

ಮೇಡಂ, ಸಿರಿಂಜ್ ಬೇಡ. 27 ಅಂದಾಗಲೇ ಅರ್ಧ ಉತ್ತರ ಸಿಕ್ಕಿತು.

ನಾನು ಡಾಕ್ಟರ್ ಅಲ್ಲ, ಲಾರಿ ಕಂಪ್ನಿಯೊಂದರಲ್ಲಿ ಲೆಕ್ಕ ಬರೆಯುವವನು. ಆದರೆ ನಮ್ಮನೆ ಗಂಡು ಗೆಕ್ಕೊ ಪ್ರತಿ ವರ್ಷ ನವೆಂಬರ್ ಕೊನೆಗೆ, ನಮ್ಮ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಬಾಯಿ ಮುಚ್ಚಿದರೆ ಮತ್ತೆ ತೆರೆಯೋದು ಫೆಬ್ರವರಿ ಕೊನೆಗೆ. ಇವು ಅಫ್ಘಾನಿಸ್ತಾನ, ಪಾಕಿಸ್ತಾನ, ಇಂಡಿಯಾದ ವಾಯವ್ಯ ಮೂಲೆಯ ಒಣ ಕಲ್ಲುಗುಡ್ಡಗಳ ಹಲ್ಲಿಗಳು. ಅಲ್ಲಿ ಚಳಿ ಜೋರು. ಹುಳ ಸಿಗಲ್ಲ. ಕಲ್ಲಿನ ಸಂದಿಯಲ್ಲಿ ಸೇರಿಕೊಂಡು, ಬಾಲದಲ್ಲಿ ಕೂಡಿಟ್ಟ ಕೊಬ್ಬು ಕರಗಿಸುತ್ತಾ ವಾರಗಟ್ಟಲೆ ಕಳೆಯುತ್ತವೆ. ಇದಕ್ಕೆ ಬ್ರೂಮೇಶನ್ ಅಂತಾರೆ. ಅಂಗಡಿಯಲ್ಲೇ ಹುಟ್ಟಿ ಬೆಳೆದವಕ್ಕೂ ಈ ಗುಣ ಹೋಗಿಲ್ಲ. ನಿಮ್ಮೂರಲ್ಲಿ ಜೂನ್‌ನಲ್ಲಿ ಹಗಲು 15 ಗಂಟೆ ದಾಟುತ್ತೆ, ಡಿಸೆಂಬರ್‌ನಲ್ಲಿ ಸುಮಾರು 9. ಬೇಸ್‌ಮೆಂಟ್‌ನ ಸಣ್ಣ ಕಿಟಕಿಯಿಂದಲೂ ಅವನಿಗೆ ಅದು ಗೊತ್ತಾಗುತ್ತೆ.

ಅಂಗಡಿಯವರು ಬಿಟ್ಟ ವಿಷಯ ಇದು: ಹಲ್ಲಿಗೆ ಸ್ವಂತ ಮೈಬಿಸಿ ಇಲ್ಲ. ತಿಂದಿದ್ದು ಅರಗಬೇಕಾದರೆ ಮೈಗೆ ಹೊರಗಿನಿಂದ ಬಿಸಿ ಸಿಗಬೇಕು. ತಣ್ಣನೆ ನೆಲದ ಮೇಲೆ ಕೂತವನ ಹೊಟ್ಟೆಗೆ ಹಿಟ್ಟು ತಳ್ಳಿದರೆ ಅದು ಅರಗದೆ ಅಲ್ಲೇ ಕೊಳೆಯಬಹುದು. ಶ್ವಾಸದ ದಾರಿಗೆ ಹೋದರಂತೂ ಇನ್ನೊಂದು ಆಪತ್ತು. ಚುಕ್ಕಿ ಮುಖ ತಿರುಗಿಸುತ್ತಿರುವುದು ಜಾಣತನ ಅಂತಲೇ ನನ್ನ ಲೆಕ್ಕ.

ಬಿಸಿ ಗೂಡಿನ ನೆಲ 32–33 ಬರುವ ಹಾಗೆ ಮ್ಯಾಟಿನ ಥರ್ಮೋಸ್ಟಾಟ್ ಏರಿಸಿ. ತಣ್ಣನೆ ಬದಿ 23–25 ಇದ್ದರೆ ಸಾಕು. ಬೇಸ್‌ಮೆಂಟ್ ಅಷ್ಟು ಥಂಡಿ ಇದ್ದಾಗ ಮ್ಯಾಟ್ ಒಂದೇ ಪಾಪ ಏನು ಮಾಡುತ್ತೆ? ಟ್ಯಾಂಕಿನ ಹಿಂದೆ, ಅಕ್ಕಪಕ್ಕ ಹೊರಗಿನಿಂದ ಥರ್ಮೋಕೋಲ್ ಶೀಟ್ ನಿಲ್ಲಿಸಿ. ಇಲ್ಲಾ ಟ್ಯಾಂಕನ್ನೇ ಮೇಲಿನ ಹಾಲ್‌ಗೆ ತಂದುಬಿಡಿ, ಅಮ್ಮನಿಗೂ ಮೆಟ್ಟಿಲು ತಪ್ಪುತ್ತೆ.

ಇಷ್ಟು ಮಾಡಿದ ಮೇಲೂ ತಿನ್ನದೇ ಇರಬಹುದು. ಇರಲಿ ಬಿಡಿ. ವಾರಕ್ಕೊಮ್ಮೆ ಒಂದು ಜಿರಳೆ ತೋರಿಸಿ, ಬೇಡ ಅಂದರೆ ಹೊರಗೆ ತೆಗೆಯಿರಿ. ಕ್ರಿಕೆಟ್ ಹುಳ ಹಾಕಿದ್ದರಂತೂ ರಾತ್ರಿ ಒಳಗೆ ಬಿಡಲೇಬೇಡಿ, ಮಲಗಿರುವ ಗೆಕ್ಕೊವನ್ನೇ ಕಚ್ಚುತ್ತವೆ. ನೀರು ಮಾತ್ರ ದಿನಾ ಹೊಸದು ಇಡಿ. ವ್ಯಾಕ್ಸ್‌ವರ್ಮ್ ಅನ್ನುವ ಹುಳದ ಆಸೆ ತೋರಿಸಬೇಡಿ. ಅದು ಬರೀ ಕೊಬ್ಬು, ರುಚಿ ಹತ್ತಿದರೆ ಆಮೇಲೆ ಬೇರೆ ಏನನ್ನೂ ಮೂಸಿ ನೋಡಲ್ಲ.

ತೂಕಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಖಾಲಿ ಮೊಸರು ಡಬ್ಬಿ ಇಟ್ಟು ಸೊನ್ನೆ ಮಾಡಿ, ಆಮೇಲೆ ಅವನನ್ನು ಅದರೊಳಗೆ ಬಿಡಿ. ವಾರಕ್ಕೊಮ್ಮೆ, ಅದೇ ಹೊತ್ತಿಗೆ. 64ರಿಂದ 62 ಅಂದರೆ ಏನೂ ಅಲ್ಲ, ಹಿಕ್ಕೆ ಹಾಕಿದರೂ ಅಷ್ಟು ಕಡಿಮೆಯಾಗಬಹುದು. 58ರ ಹತ್ತಿರ ಬಂತು ಅಂದ್ರೆ ಡಾಕ್ಟರ್ ಹತ್ರ ಹೋಗಿ. ನಾನು ಫ್ರಿಜ್ ಬಾಗಿಲಿಗೆ ತೂಕದ ಚೀಟಿ ಅಂಟಿಸಿದ್ದೇನೆ. "ನನ್ನ ಬಿಪಿ ಯಾವತ್ತಾದ್ರೂ ಹೀಗೆ ಬರೆದಿಟ್ಟಿದ್ದೀರಾ?" ಅಂತಾಳೆ ಹೆಂಡತಿ.

ಕೋಲಾರದವಳು, ಮೆಲ್ಬರ್ನ್

ಇಲ್ಲಿ ಲೆಪರ್ಡ್ ಗೆಕ್ಕೊ ಸಾಕುವ ಹಾಗೇ ಇಲ್ಲ, ಹೊರದೇಶದ ಹಲ್ಲಿ ಹಾವು ಎಲ್ಲ ನಿಷೇಧ. ನನ್ನದು ಇದೇ ದೇಶದ ಬಾರ್ಕಿಂಗ್ ಗೆಕ್ಕೊ. ಕೆಣಕಿದರೆ ಕಾಲೆತ್ತಿ ನಿಂತು ನಿಜವಾಗಿಯೂ ಬೊಗಳುತ್ತಾಳೆ! ಇವಳೂ ಜೂನ್, ಜುಲೈನಲ್ಲಿ ಊಟ ಬಿಡುತ್ತಾಳೆ, ನಮಗೆ ಚಳಿಗಾಲ ಆಗಲ್ವಾ.

ಭಾವನ ಮಾತಿಗೆ ಒಂದು ಸೇರಿಸ್ತೀನಿ. ಎಲ್ಲವನ್ನೂ ಚಳಿ ಮೇಲೆ ಹಾಕಬೇಡಿ. ಇಂಗ್ಲೆಂಡಿನಲ್ಲಿರುವ ಗೆಳತಿಯ ಲೆಪರ್ಡ್ ಗೆಕ್ಕೊ ಹೀಗೇ ಊಟ ಬಿಟ್ಟಿತು. ಆದರೆ ಅದರ ಬಾಲ ವಾರದಿಂದ ವಾರಕ್ಕೆ ಸೊರಗಿ ಮೂಳೆ ಎದ್ದು ಕಂಡಿತು, ಹಿಕ್ಕೆ ನೀರಾಗಿತ್ತು. ಪರೀಕ್ಷೆಯಲ್ಲಿ ಕ್ರಿಪ್ಟೊ ಅನ್ನುವ ಪರೋಪಜೀವಿ ಸಿಕ್ಕಿತು. ಅದಕ್ಕೆ ಖಾತ್ರಿ ಔಷಧ ಇಲ್ಲ, ಬೇರೆ ಗೆಕ್ಕೊಗಳಿಗೂ ಹರಡುತ್ತೆ. ಚಳಿಗೆ ಊಟ ಬಿಟ್ಟವರ ಬಾಲ ಅಷ್ಟು ಬೇಗ ಸೊರಗಲ್ಲ. ಮರಿಗಳಿಗೆ ಈ ಉಪವಾಸದ ಲೆಕ್ಕವೇ ಬೇಡ. ಬಾಲದಲ್ಲಿ ದಾಸ್ತಾನು ಇರಲ್ಲ, ತಿನ್ನದಿದ್ದರೆ ಬೇಗ ತೋರಿಸಬೇಕು.

ಹಾಸನದ ಹುಡುಗ, ಡಲ್ಲಾಸ್

ಹೌದು. ಡಾಕ್ಟರ್ ಹತ್ರ ಹೋಗೋದಾದ್ರೆ ಹಲ್ಲಿ, ಆಮೆ ನೋಡುವವರನ್ನೇ ಹುಡುಕಿ. ಹೊಸ ಹಿಕ್ಕೆಯನ್ನು ಜಿಪ್ ಕವರಿನಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟು ತಗೊಂಡು ಹೋಗಿ, ಒಣಗಿದ್ದರೆ ಏನೂ ಸರಿಯಾಗಿ ಕಾಣಲ್ಲ. ಫ್ರಿಜ್ ವಿಷಯ ಅಮ್ಮನಿಗೆ ಹೇಳಬೇಡಿ ಅಷ್ಟೇ 😄

ಚುಕ್ಕಿ ಮನೆಯವಳು, ಮಿಸ್ಸಿಸಾಗ

ಟ್ಯಾಂಕ್ ಹಾಲ್‌ಗೆ ಬಂತು. ನೆಲ ಈಗ 32. ತಿಂದಿಲ್ಲ, ಆದರೆ ಸಂಜೆ ಗೂಡಿನಿಂದ ಹೊರಗೆ ಬಂದು ನೀರು ಕುಡಿದ. ಎರಡು ಬದಿಯ ಮಧ್ಯೆ ಓಡಾಡುತ್ತಿದ್ದಾನೆ. ಫೆಬ್ರವರಿ ದಾಟಿದರೂ ತಿನ್ನದಿದ್ದರೆ?

ಶಿರಸಿ ಭಾವ, ಬಫಲೋ

ಓಡಾಟ ಒಳ್ಳೆ ಲಕ್ಷಣ. ಫೆಬ್ರವರಿ ಕೊನೆಗೂ ಬಾಯಿ ತೆರೆಯದಿದ್ದರೆ ತೂಕ ಸರಿ ಇದ್ದರೂ ಹಿಕ್ಕೆ ಪರೀಕ್ಷೆ ಮಾಡಿಸಿಬಿಡಿ. ತಿನ್ನಲು ಶುರು ಮಾಡಿ, ಮಾರ್ಚ್ ಏಪ್ರಿಲ್‌ನಲ್ಲಿ ಮತ್ತೆ ಬಿಟ್ಟರೆ ಅದು ಬೇರೆ ಕಥೆ. ಗಂಡುಗಳಿಗೆ ಜೋಡಿ ಹುಡುಕುವ ಸೀಸನ್. ಗಾಜು ಕೆರೆಯುತ್ತಾನೆ, ರಾತ್ರಿ ಎಲ್ಲ ಸುತ್ತುತ್ತಾನೆ, ಊಟ ಮಾತ್ರ ಬೇಡ. ಹೆಣ್ಣು ಸಾಕಿರುವವರು ಓದುತ್ತಿದ್ದರೆ, ಗಂಡಿಲ್ಲದೆಯೂ ಅವು ಮೊಟ್ಟೆ ಕಟ್ಟುತ್ತವೆ, ಆಗಲೂ ಊಟ ಬಿಡುತ್ತವೆ. ಹೊಟ್ಟೆಯ ತೆಳು ಚರ್ಮದ ಕೆಳಗೆ ಎರಡು ಬಿಳಿ ಉಂಡೆ ಕಂಡರೆ ಮುಚ್ಚಳದಲ್ಲಿ ಹಾಕಿಟ್ಟ ಕ್ಯಾಲ್ಸಿಯಂ ಪುಡಿ, ತೇವದ ಗೂಡು ಎರಡೂ ಟ್ಯಾಂಕಿನ ಒಳಗಿರಲಿ.