ಮಾತು ಬಿಟ್ಟ ತಮ್ಮನ ಹತ್ತಿರ ಕಿಡ್ನಿ ಕೇಳುವುದು ಹೇಗೆ?

ಕುಮಟಾ ಜೆರಾಕ್ಸ್:

ನನಗೆ 47. ಊರು ಶಿರಸಿ ಕಡೆ, ಇರುವುದು ಕುಮಟಾದಲ್ಲಿ. ಸಣ್ಣ ಜೆರಾಕ್ಸ್ ಅಂಗಡಿ ಇದೆ. ಬಿಪಿ ಇದ್ದದ್ದೇ ಗೊತ್ತಿರಲಿಲ್ಲ. ಹೋದ ದೀಪಾವಳಿ ಹೊತ್ತಿಗೆ ಕಾಲು ಊದಿ ಚಪ್ಪಲಿ ಹಾಕಲು ಆಗಲಿಲ್ಲ. ಟೆಸ್ಟು ಮಾಡಿಸಿದರೆ ಕ್ರಿಯಾಟಿನಿನ್ 9.4. ಎರಡೂ ಕಿಡ್ನಿ ಹೋಗಿದ್ದವು.

ಈಗ ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ತಾಸು ಡಯಾಲಿಸಿಸ್. ಡಯಾಲಿಸಿಸ್ ಸೂಜಿ ಚುಚ್ಚಲು ಎಡ ಮಣಿಕಟ್ಟಿನಲ್ಲಿ ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಕಿವಿಗೆ ಹಿಡಿದರೆ ಗುಂಯ್ ಅನ್ನುತ್ತದೆ. ರಾತ್ರಿ ಎಚ್ಚರವಾದರೆ ಮೊದಲು ಅದನ್ನೇ ಕೇಳುತ್ತೇನೆ, ಸದ್ದು ಇದೆಯಾ ಅಂತ. ನೀರು ಅಳತೆಯಲ್ಲಿ ಕುಡಿಯಬೇಕು. ಎಳನೀರು ಬಂದ್, ಬಾಳೆಹಣ್ಣು ಬಂದ್. ಅಪ್ಪೆಮಿಡಿ ಉಪ್ಪಿನಕಾಯಿಯ ಹೆಸರೂ ಎತ್ತುವಂತಿಲ್ಲ. ಶಿರಸಿ ಕಡೆಯವರಿಗೆ ಇದು ಎಂಥ ಶಿಕ್ಷೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕಸಿ ಮಾಡಿಸಿಕೊಳ್ಳಿ, ಇನ್ನೂ ವಯಸ್ಸಿದೆ ಅಂದರು ಡಾಕ್ಟರು. ಹೆಂಡತಿ ಮರುಮಾತಿಲ್ಲದೆ ಹೂಂ ಅಂದಳು. ಆದರೆ ಅವಳದು ಎ ಪಾಸಿಟಿವ್, ನನ್ನದು ಬಿ. ಅಮ್ಮನಿಗೆ 76. ಮಗನಿಗೆ 20, ಧಾರವಾಡದಲ್ಲಿ ಓದುತ್ತಿದ್ದಾನೆ. "ನಾನು ಕೊಡ್ತೇನೆ ಅಪ್ಪಾ" ಅಂದ ದಿನ ಅವನಿಗೆ ಬೈದುಬಿಟ್ಟೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಉಳಿದವನು ತಮ್ಮ. ಅವನದು ಓ ಪಾಸಿಟಿವ್. ಅಮ್ಮನ ಆಪರೇಷನ್ನಿಗೆ ರಕ್ತ ಕೊಟ್ಟವನು ಅವನೇ, ಹಾಗಾಗಿ ಗೊತ್ತು. ಆದರೆ ನಾವು ಮಾತು ಬಿಟ್ಟು ಏಳು ವರ್ಷ ಆಯಿತು. ತೋಟ ಪಾಲು ಮಾಡುವಾಗ ಕೆಳಗಿನ ಹೊಂಡದ ನೀರಿಗೆ ಶುರುವಾದ ಜಗಳ. ತಪ್ಪು ಯಾರದು ಅಂತ ಇಲ್ಲಿ ಬೇಡ, ಅರ್ಧ ನನ್ನದೇ. ಹತ್ತು ಗುಂಟೆ ಜಾಗ ಬಿಟ್ಟುಕೊಡದವನು ನಾನು, ಈಗ ಅವನ ಹೊಟ್ಟೆಯೊಳಗಿನದ್ದು ಕೊಡು ಅಂತ ಯಾವ ಮುಖದಲ್ಲಿ ಕೇಳಲಿ?

"ಸುಮ್ನೆ ವಾಟ್ಸಾಪಿನಲ್ಲಿ ಹಾಕು, ಬಿ ಅಥವಾ ಓ ಗುಂಪಿನ ಕಿಡ್ನಿ ದಾನಿ ಬೇಕು ಅಂತ" ಅನ್ನುತ್ತಾನೆ ಭಾವ. ಅದಾದರೂ ಮಾಡಬಹುದಾ?

ಅಂಕೋಲಾದವ:

ಹಾಕಲೇಬೇಡಿ ಮಾರಾಯರೇ. ನಮ್ಮ ಮಾವನಿಗಾಗಿ ನಾನು ಹಾಕಿದ್ದೆ. ಎರಡನೇ ದಿನಕ್ಕೇ ಫೋನು. ಹಿಂದಿ ಮಾತಾಡುವವ. ದಾನಿ ರೆಡಿ ಇದ್ದಾನೆ, ಮೊದಲು 50,000 ಕಳಿಸಿ ಅಂದ. ಯಾವ ಆಸ್ಪತ್ರೆ ಅಂತ ಕೇಳಿದ್ದಕ್ಕೆ ಕಟ್ ಮಾಡಿದ. ಮಾರನೇ ದಿನ ಬೇರೆ ನಂಬರು, ಅದೇ ದನಿ. ಕಿಡ್ನಿಗೆ ದುಡ್ಡು ಕೊಟ್ಟರೂ ಅಪರಾಧ, ತಗೊಂಡರೂ ಅಪರಾಧ. 5ರಿಂದ 10 ವರ್ಷ ಜೈಲು, 20 ಲಕ್ಷದಿಂದ ಒಂದು ಕೋಟಿವರೆಗೆ ದಂಡ. ನಿಮ್ಮ ಭಾವನಿಗೆ ಇದನ್ನು ಓದಿ ಹೇಳಿ.

ಡಯಾಲಿಸಿಸ್ ಸಿಸ್ಟರ್, ಕಾರವಾರ:

ಸರ್, ಹೆಂಡತಿಯ ಗುಂಪು ಬೇರೆ ಅಂತ ಅವರನ್ನು ಪಟ್ಟಿಯಿಂದ ತೆಗೆಯಬೇಡಿ. ನಿಮ್ಮ ಹಾಗೇ ಇನ್ನೊಂದು ಮನೆ ಇರಬಹುದು. ಅಲ್ಲಿ ರೋಗಿ ಎ, ಕೊಡುವವರು ಬಿ. ನಿಮ್ಮ ಮನೆಯವರದು ಅವರಿಗೆ, ಅವರ ಮನೆಯವರದು ನಿಮಗೆ. ಇದಕ್ಕೆ ಸ್ವಾಪ್ ಅನ್ನುತ್ತಾರೆ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ಆದಮೇಲೆ ಇದಕ್ಕೆ ದಾರಿ ಆಗಿದೆ. ಎರಡೂ ಕಡೆ ಕೊಡುವವರು ಹತ್ತಿರದ ಸಂಬಂಧಿಗಳೇ ಆಗಿರಬೇಕು. ಎ ಮತ್ತು ಬಿ ಜೋಡಿ ಹೊಂದಿಸುವುದಕ್ಕೆ ಒಳ್ಳೆಯದು, ನಿಮ್ಮ ಅದೃಷ್ಟ. ಗುಂಪು ಹೊಂದದಿದ್ದರೂ ಮಾಡುವ ಕಸಿಯೂ ಇದೆ, ಆದರೆ ಖರ್ಚು ಜಾಸ್ತಿ.

ಹತ್ತಿರದ ಸಂಬಂಧಿ ಅಂದರೆ ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು, ಅಜ್ಜ, ಅಜ್ಜಿ, ಮೊಮ್ಮಕ್ಕಳು. ಭಾವ, ಚಿಕ್ಕಪ್ಪನ ಮಗ ಇವರೆಲ್ಲ ಕೊಡಬಹುದು, ಆದರೆ ಕಸಿಗೆ ಅನುಮತಿ ಕೊಡುವ ಸಮಿತಿಯ ಒಪ್ಪಿಗೆ ಬೇಕು, ಕಾಗದ ಪತ್ರ ಜಾಸ್ತಿ. ಇದರ ಜೊತೆಗೆ ಆಸ್ಪತ್ರೆಯ ಮೂಲಕ ಜೀವಸಾರ್ಥಕತೆಯ (ರಾಜ್ಯದ ಅಂಗಾಂಗ ದಾನದ ಸಂಸ್ಥೆ) ಪಟ್ಟಿಯಲ್ಲೂ ಹೆಸರು ಬರೆಸಿ. ತೀರಿಕೊಂಡವರ ಕಿಡ್ನಿಗೆ ಸರದಿ ಅಲ್ಲಿಂದಲೇ. ಒಂದು ಮಾಡಿದರೆ ಇನ್ನೊಂದು ಬಿಡಬೇಕು ಅಂತ ಇಲ್ಲ.

ಹೊನ್ನಾವರದ ಅಕ್ಕ:

ತಮ್ಮಾ, ನನಗೆ 54. ಆರು ವರ್ಷದ ಹಿಂದೆ ನನ್ನ ತಮ್ಮನಿಗೆ ಕೊಟ್ಟಿದ್ದೇನೆ. ಅದಕ್ಕೇ ಇಷ್ಟು ಸಲಿಗೆಯಿಂದ ಬರೆಯುತ್ತಿದ್ದೇನೆ.

ನನ್ನ ತಮ್ಮ ನನ್ನನ್ನು ಕೇಳಲೇ ಇಲ್ಲ. ಹೀಗಾಗಿದೆ ಅಂತ ಹೇಳಿದ, ಅಷ್ಟೇ. ಕೇಳಿದರೆ ಎದುರಿನವರು ಹೌದು ಅಥವಾ ಇಲ್ಲ ಅನ್ನಲೇಬೇಕು. ಹೇಳಿದರೆ ಅವರಿಗೆ ಯೋಚನೆ ಮಾಡಲು ಜಾಗ ಸಿಗುತ್ತದೆ. ನೀವೂ ಹೇಳಿ ಸುಮ್ಮನಿರಿ. ಗುಂಪು, ಹೊಂದಾಣಿಕೆ ಅಂತ ಶುರು ಮಾಡಲೇಬೇಡಿ.

ಇನ್ನೊಂದು ಯಾರೂ ಹೇಳುವುದಿಲ್ಲ. ಟೆಸ್ಟಿಗೆ ಬಂದವರಿಗೆ ಕೊನೆ ಗಳಿಗೆಯಲ್ಲೂ ಬೇಡ ಅನ್ನಿಸಬಹುದು. ನನ್ನ ಗಂಡನನ್ನೂ ತಮ್ಮನನ್ನೂ ಹೊರಗೆ ಕಳಿಸಿ, ನನ್ನೊಬ್ಬಳನ್ನೇ ಕೂರಿಸಿಕೊಂಡು ಕೇಳಿದರು, ಯಾರಾದರೂ ಒತ್ತಾಯ ಮಾಡಿದ್ದಾರಾ ಅಂತ. ನಿಮಗೆ ಇಷ್ಟವಿಲ್ಲದಿದ್ದರೆ ಹೇಳಿ, ಮನೆಯವರಿಗೆ ಕಾರಣ ತಿಳಿಸುವುದಿಲ್ಲ, ಟೆಸ್ಟಿನಲ್ಲಿ ಸರಿಹೋಗಲಿಲ್ಲ ಅಂತ ನಾವೇ ಹೇಳುತ್ತೇವೆ ಅಂದರು. ಇದು ಗೊತ್ತಿದ್ದರೆ ನಿಮಗೂ ಹಗುರ ಆಗುತ್ತದೆ, ನಿಮ್ಮ ತಮ್ಮನಿಗೂ.

ಆಪರೇಷನ್ ಬಗ್ಗೆ ಹೆದರಿಕೆ ಇದ್ದರೆ: ನನ್ನದು ಎಡಗಡೆಯದು ತೆಗೆದರು. ಅದರ ರಕ್ತನಾಳ ಉದ್ದ, ಜೋಡಿಸಲು ಸಲೀಸು ಅಂತೆ. ತೂತು ಹಾಕಿ ಮಾಡಿದ್ದು. ಹೊಟ್ಟೆಗಿಂತ ಹೆಗಲು ಜಾಸ್ತಿ ನೋಯಿತು, ಒಳಗೆ ತುಂಬಿದ ಗ್ಯಾಸಿನಿಂದ. ನಾಲ್ಕನೇ ದಿನ ಮನೆಗೆ ಕಳಿಸಿದರು. ಆರು ವಾರ ಕೊಡಪಾನ ಎತ್ತಬಾರದು ಅಂದರು. ನಮ್ಮ ಅತ್ತೆ ಅಷ್ಟೂ ದಿನ ಮುಖ ಊದಿಸಿಕೊಂಡೇ ನೀರು ಹೊತ್ತರು, ಪಾಪ. ಈಗ ವರ್ಷಕ್ಕೊಮ್ಮೆ ಚೆಕಪ್ಪು. ಗದ್ದೆ ಕೆಲಸ ಎಲ್ಲ ಮಾಡುತ್ತೇನೆ. ನಿಜವಾಗಿ ಬೇಜಾರು ಬಂದದ್ದು 24 ತಾಸಿನ ಮೂತ್ರ ಕ್ಯಾನಿನಲ್ಲಿ ಹಿಡಿಯುವ ಟೆಸ್ಟಿಗೆ. ಲಾಡ್ಜಿನ ರೂಮಿನಲ್ಲಿ ಒಂದು ದಿನ ಪೂರ್ತಿ ಅದನ್ನು ಕಾಯುತ್ತಾ ಕೂತಿದ್ದೆ!

ಕುಮಟಾ ಜೆರಾಕ್ಸ್:

ಎಲ್ಲರಿಗೂ ನಮಸ್ಕಾರ. ಹದಿನೆಂಟು ದಿನ ಆಯಿತು ಬರೆದು.

ತಮ್ಮನಿಗೆ ಫೋನು ಮಾಡಿದೆ. ಮೂರು ಸಲ ರಿಂಗಾದ ಕೂಡಲೇ ನಾನೇ ಕಟ್ ಮಾಡಿದೆ. ಕೊನೆಗೆ ಅವನೇ ಮಾಡಿದ. "ಎಂತದಾ, ಅಮ್ಮಂಗೆ ಆರಾಮಿಲ್ಲವಾ?" ಅಮ್ಮಂಗಲ್ಲ, ನಂಗೆ ಅಂದೆ. ಅಕ್ಕ ಹೇಳಿದಂತೆ ಅಷ್ಟಕ್ಕೇ ನಿಲ್ಲಿಸಿದೆ. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, "ಯಾವ ದಿನ ಮಿಷನ್ನಿಗೆ ಹಾಕುದು?" ಅಂದ.

ಗುರುವಾರ ಮೊದಲ ಬಸ್ಸಿಗೆ ದೇವಿಮನೆ ಘಟ್ಟ ಇಳಿದು ಬಂದ. ಕೈಯಲ್ಲಿ ಚೀಲ. ಒಳಗೆ ಒಂದು ಚಿಪ್ಪು ಬಾಳೆಹಣ್ಣು, ಒಂದು ಬಾಟಲಿ ಅಪ್ಪೆಮಿಡಿ. ನಮ್ಮ ವಾರ್ಡಿನ ಸಿಸ್ಟರ್ ನೋಡಿ, "ಇವರನ್ನ ಮುಗಿಸ್ಲಿಕ್ಕೇ ಬಂದದ್ದಾ?" ಅಂದರು. ಏಳು ವರ್ಷದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕೆವು.

ನಾಲ್ಕು ತಾಸು ಪಕ್ಕದಲ್ಲೇ ಕೂತಿದ್ದ. ಅಡಿಕೆಯ ಕೊಳೆರೋಗದ ಮಾತು, ಅದಕ್ಕೆ ಬೋರ್ಡೋ ಔಷಧಿ ಹೊಡೆಯಲು ಜನ ಸಿಗದ ಮಾತು. ಹೊಂಡದ ಸುದ್ದಿ ಇಬ್ಬರೂ ಎತ್ತಲಿಲ್ಲ. ಮೂರನೇ ತಾಸಿನಲ್ಲಿ ರಕ್ತ ಹರಿಯುವ ಟ್ಯೂಬನ್ನೇ ನೋಡುತ್ತಾ ಅಂದ, "ಎರಡು ವರ್ಷದಿಂದ ನಾನು ಶುಗರ್ ಮಾತ್ರೆ ತಗೊಳ್ತಾ ಇದ್ದೆ. ನಂದು ಆಗ್ತದಾ?" ನಾನು ಸಿಸ್ಟರ್ ಮುಖ ನೋಡಿದೆ. ಮಾತ್ರೆ ತಗೊಳ್ಳುವವರದು ಸಾಮಾನ್ಯವಾಗಿ ತಗೊಳ್ಳುವುದಿಲ್ಲ ಅಂದರು. ಅವನು ಎದ್ದು ಹೊರಗೆ ಹೋಗಿ ಚಾ ಕುಡಿದು ಬಂದ. ನನಗೆ ಅವನಿಗೆ ಶುಗರ್ ಇರುವುದೇ ಗೊತ್ತಿರಲಿಲ್ಲ. ಅವನಿಗೆ ನನ್ನ ಕಿಡ್ನಿದು ಗೊತ್ತಿರಲಿಲ್ಲ. ಸಂಬಂಧವೇ ಇಲ್ಲದ ಅಕ್ಕಪಕ್ಕದವರಿಗೂ ಇದಕ್ಕಿಂತ ಹೆಚ್ಚು ಸುದ್ದಿ ಮುಟ್ಟುತ್ತದೆ.

ಸೋಮವಾರ ಸ್ವಾಪ್ ವಿಚಾರಿಸಲು ಮಣಿಪಾಲಕ್ಕೆ ಹೊರಟಿದ್ದೇವೆ, ಹೆಂಡತಿಯೂ ಬರುತ್ತಾಳೆ. ಕಾರು ತಮ್ಮನದು, ಓಡಿಸುವವನೂ ಅವನೇ.

ಅಕ್ಕಾ, ಆ ಕ್ಯಾನು ಅವರೇ ಕೊಡುತ್ತಾರಾ, ಮನೆಯಿಂದ ಒಯ್ಯಬೇಕಾ? ಹೆಂಡತಿ ಕೇಳುತ್ತಿದ್ದಾಳೆ.

ಹೊನ್ನಾವರದ ಅಕ್ಕ:

ನನಗೆ ಅವರೇ ಕೊಟ್ಟಿದ್ದರು. ಬೆಳಗಿನ ಮೊದಲನೆಯದು ಚೆಲ್ಲಬೇಕು, ಆಮೇಲಿಂದ ಮಾರನೇ ದಿನ ಅದೇ ಹೊತ್ತಿನವರೆಗೆ ಒಂದೂ ಬಿಡದೆ ಹಿಡಿಯಬೇಕು. ನಡುವೆ ಒಂದು ಸಲ ತಪ್ಪಿದರೂ ಮತ್ತೆ ಮೊದಲಿಂದ. ಲಾಡ್ಜು ಆಸ್ಪತ್ರೆ ಹತ್ತಿರದ್ದೇ ನೋಡಿಕೊಳ್ಳಿ.