ಇಂಗ್ಲಿಷ್ ಕಾಮಾ ಎಲ್ಲಿ ಹಾಕಬೇಕು? ಕನ್ನಡ ಮೀಡಿಯಂನವರು ಹೇಗೆ ಕಲಿತಿರಿ?

ಕೇಳಿದವನು, ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ನಾನು ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮೀಡಿಯಂ. ಈಗ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸ. ದಿನಕ್ಕೆ ಹತ್ತು ಹದಿನೈದು ಇಂಗ್ಲಿಷ್ ಮೇಲ್ ಬರೆಯಬೇಕು. ಸ್ಪೆಲ್ಲಿಂಗ್ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಕಾಮಾ ಮಾತ್ರ ಕೈಗೆ ಹತ್ತುತ್ತಿಲ್ಲ. ಮೊನ್ನೆ ಬರೆದದ್ದು ಇದು:

ದ ಟ್ರಕ್ ವಿಚ್ ಲೆಫ್ಟ್ ಹುಬ್ಬಳ್ಳಿ ಆನ್ ಮಂಡೇ, ಹ್ಯಾಸ್ ನಾಟ್ ರೀಚ್ಡ್ ಪುಣೆ, ದ ಡ್ರೈವರ್ ಸೇಸ್ ದಟ್, ಎ ಟೈರ್ ಬರ್ಸ್ಟ್ ನಿಯರ್ ಕೊಲ್ಹಾಪುರ, ಹಿ ವಿಲ್ ರೀಚ್ ಟುಮಾರೋ.

ನಮ್ಮ ಮೇಲಿನವರು ಇದರ ಪ್ರಿಂಟ್ ತೆಗೆದು, ನಾಲ್ಕೂ ಕಾಮಾಗೆ ಕೆಂಪು ಸುತ್ತು ಹಾಕಿ, ನನ್ನ ಟೇಬಲ್ ಮೇಲೆ ಇಟ್ಟು ಹೋದರು. ಯಾಕೆ ಅಂತ ಹೇಳಲಿಲ್ಲ. ಗ್ರಾಮರ್ ಪುಸ್ತಕ ತೆಗೆದರೆ ಪುಟಗಟ್ಟಲೆ ರೂಲ್, ಮೂರನೆಯದಕ್ಕೇ ನಿದ್ದೆ. ನಿಮಗೆಲ್ಲ ಇದು ಹೇಗೆ ಬಂತು?

ನಿವೃತ್ತ ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರು:

ಮೊದಲು ನನ್ನ ತಪ್ಪೊಪ್ಪಿಗೆ. ನಿಮ್ಮಂಥವರ ಕೈಯಲ್ಲಿ ಇಂಥ ಕಾಮಾ ಹಾಕಿಸಿದ್ದು ನಮ್ಮಂಥ ಮೇಷ್ಟ್ರುಗಳೇ. "ಕಾಮಾ ಬಂದರೆ ಒಂದು ಎಣಿಸು, ಫುಲ್‌ಸ್ಟಾಪ್ ಬಂದರೆ ಎರಡು ಎಣಿಸು" ಅಂತ ಮೇಜು ಕುಟ್ಟಿ ಕುಟ್ಟಿ ಹೇಳಿಕೊಟ್ಟಿದ್ದೇನೆ. ಓದುವಾಗ ಅದು ಸರಿ. ಮಕ್ಕಳು ಅದನ್ನೇ ತಿರುಗಿಸಿಕೊಂಡರು: ಎಲ್ಲಿ ಉಸಿರು ನಿಲ್ಲುತ್ತದೋ ಅಲ್ಲಿ ಕಾಮಾ. ಎಡವಟ್ಟು ಆಗಿದ್ದು ಅಲ್ಲೇ. ಹಾಗಂತ ಅದು ಪೂರ್ತಿ ಸುಳ್ಳೂ ಅಲ್ಲ. ಹಳೆಯ ಗ್ರೀಕರು ಚುಕ್ಕಿ ಇಡಲು ಶುರು ಮಾಡಿದ್ದು ಗಟ್ಟಿಯಾಗಿ ಓದುವವರಿಗೆ ಅಂತಲೇ. ಆದರೆ ಈಗಿನ ಇಂಗ್ಲಿಷ್ ಉಸಿರು ನೋಡುವುದಿಲ್ಲ, ವಾಕ್ಯದ ಕೀಲು ಎಲ್ಲಿದೆ ಅಂತ ನೋಡುತ್ತದೆ.

ನಿಮ್ಮ ಎರಡನೇ ಮತ್ತು ನಾಲ್ಕನೇ ಕಾಮಾ ನೋಡಿ. ಕನ್ನಡದಲ್ಲಿ "ಆಫೀಸಿಗೆ ಹೋದೆ, ಸಾಹೇಬರು ಇರಲಿಲ್ಲ, ವಾಪಸ್ ಬಂದೆ" ಅನ್ನುವುದು ಚೆಂದದ ವಾಕ್ಯ. ಅದನ್ನೇ ಇಂಗ್ಲಿಷ್‌ನಲ್ಲಿ ಬರೆದರೆ ಮೂರು ವಾಕ್ಯಗಳನ್ನು ಗೋಂದು ಹಚ್ಚಿ ಅಂಟಿಸಿದಂತೆ. ಇದಕ್ಕೆ ಕಾಮಾ ಸ್ಪ್ಲೈಸ್ ಅಂತ ಹೆಸರೇ ಇದೆ. ಎರಡು ಪೂರ್ತಿ ವಾಕ್ಯಗಳನ್ನು ಹಿಡಿದಿಡುವ ತಾಕತ್ತು ಇಂಗ್ಲಿಷ್ ಕಾಮಾಗೆ ಒಂದಕ್ಕೇ ಇಲ್ಲ. ಜೊತೆಗೆ ಆಂಡ್, ಬಟ್, ಸೋ ಇಂಥದ್ದೊಂದು ಬೇಕು. ಇಲ್ಲವಾದರೆ ಫುಲ್‌ಸ್ಟಾಪ್ ಇಡಿ. ಪರೀಕ್ಷೆ ಸುಲಭ: ಕಾಮಾ ಮೇಲೆ ಬೆರಳಿಟ್ಟು ಎರಡೂ ಕಡೆ ಬೇರೆ ಬೇರೆ ಓದಿ. ಎರಡೂ ತಮ್ಮ ಕಾಲ ಮೇಲೆ ತಾವು ನಿಂತರೆ ಬರೀ ಕಾಮಾ ಸಾಲದು. ಹೌಎವರ್ ನಂಬಬೇಡಿ, ಅದು ಬಟ್ ಥರ ಕಂಡರೂ ಬಟ್ ಅಲ್ಲ. ಎರಡು ವಾಕ್ಯಗಳ ನಡುವೆ ಬಂದರೆ ಅದರ ಹಿಂದೆ ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್, ಮುಂದೆ ಕಾಮಾ.

ಇನ್ನು ಮೊದಲನೆಯದು. ತಲುಪದೆ ಇರುವುದು ಯಾವುದು? ಟ್ರಕ್. ಆ ಟ್ರಕ್ಕಿಗೂ ಅದರ ಕ್ರಿಯಾಪದಕ್ಕೂ ನಡುವೆ ಗೋಡೆ ಎಬ್ಬಿಸಿದ್ದೀರಿ. ಕರ್ತೃ ಎಷ್ಟೇ ಉದ್ದ ಇರಲಿ, ಅದು ಮುಗಿದ ಕಡೆ ಒಂಟಿ ಕಾಮಾ ಬೇಡ. ಬೇಜಾರು ಮಾಡಿಕೊಳ್ಳಬೇಡಿ. "ಸ್ಟೂಡೆಂಟ್ಸ್ ಹೂ ಹ್ಯಾವ್ ನಾಟ್ ಪೇಯ್ಡ್ ದ ಫೀಸ್, ಶುಡ್ ಮೀಟ್ ದ ಕ್ಲರ್ಕ್" ಅಂತ ನೋಟಿಸ್ ಬೋರ್ಡಿಗೆ ನಾನೇ ವರ್ಷಗಟ್ಟಲೆ ಬರೆದು ಅಂಟಿಸಿದ್ದೇನೆ.

ಅನುವಾದಕಿ, ಮೈಸೂರು:

ಮೇಷ್ಟ್ರು ಮೂರನೆಯದನ್ನು ನನಗೆ ಬಿಟ್ಟಿದ್ದಾರೆ. ದಟ್ ಆದಮೇಲಿನ ಕಾಮಾ ಎಲ್ಲಿಂದ ಬಂತು ಗೊತ್ತಾ? "ಈ ಮೂಲಕ ತಿಳಿಯಪಡಿಸುವುದೇನೆಂದರೆ," ಅನ್ನುವ ನಮ್ಮ ಆಫೀಸ್ ಪತ್ರದಿಂದ! ಕನ್ನಡದಲ್ಲಿ ಏನೆಂದರೆ ಆದಮೇಲೆ ಒಂದು ತಡೆ ಸಹಜ. ಇಂಗ್ಲಿಷ್‌ನಲ್ಲಿ ದಟ್ ತನ್ನ ಮುಂದಿನ ಮಾತಿಗೆ ಅಂಟಿಕೊಂಡೇ ಹೋಗುತ್ತದೆ. ಸೇಸ್ ದಟ್, ಇನ್‌ಫಾರ್ಮ್ ಯು ದಟ್ ಇಂಥ ಕಡೆ ಕಾಮಾ ಕಂಡರೆ ಕಣ್ಣು ಮುಚ್ಚಿ ತೆಗೆಯಿರಿ.

ನನಗೆ ಪಾಠ ಕಲಿಸಿದ್ದು ಒಂದು ವಂಶವೃಕ್ಷದ ಅಫಿಡವಿಟ್. ಕನ್ನಡದಲ್ಲಿ "ಮೃತರ ಮದುವೆಯಾದ ಮಗಳು" ಅಂತ ಇತ್ತು. ನಾನು "ಹಿಸ್ ಡಾಟರ್, ಹೂ ಈಸ್ ಮ್ಯಾರೀಡ್," ಅಂತ ಎರಡು ಕಾಮಾ ನಡುವೆ ಕೂರಿಸಿದೆ. ವಕೀಲರು ಫೋನ್ ಮಾಡಿ, "ಮೇಡಂ, ಎರಡನೇ ಮಗಳನ್ನು ಎಲ್ಲಿ ಬಿಟ್ಟಿರಿ?" ಅಂದರು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಮದುವೆಯಾದದ್ದು ಒಬ್ಬಳಿಗೆ. ಎರಡು ಕಾಮಾ ಹಾಕಿದರೆ ಇರುವುದೇ ಒಬ್ಬಳು ಮಗಳು, ಮದುವೆಯ ವಿಷಯ ಸುಮ್ನೆ ಜೊತೆಗೆ ಹೇಳಿದ್ದು ಅಂತ ಅರ್ಥ. ಕಾಮಾ ತೆಗೆದರೆ ಹಲವರಲ್ಲಿ ಮದುವೆಯಾದವಳು ಅಂತ. ಕನ್ನಡದಲ್ಲಿ ಎರಡಕ್ಕೂ ಒಂದೇ ರೂಪ: ಮದುವೆಯಾದ ಮಗಳು. ಮಾತಿನ ಸಂದರ್ಭವೇ ಉಳಿದದ್ದನ್ನು ಹೇಳಿಬಿಡುತ್ತದೆ. ಹಾಗಾಗಿ ಹೂ, ವಿಚ್ ಬಂದಾಗ ನಮ್ಮ ಕೈ ತಡವರಿಸುತ್ತದೆ. ನಾನು ಈಗ ಕೇಳಿಕೊಳ್ಳುವುದು ಒಂದೇ: ಆ ತುಂಡನ್ನು ಕಿತ್ತು ಹಾಕಿದರೂ ಯಾರು, ಯಾವುದು ಅಂತ ಗೊತ್ತಾಗುತ್ತದಾ? ಗೊತ್ತಾದರೆ ಕಾಮಾ, ಅದೂ ಬ್ರಾಕೆಟ್ ಥರ ಎರಡೂ ಕಡೆ. ಗೊತ್ತಾಗದಿದ್ದರೆ ಎರಡೂ ಬೇಡ.

ಇನ್ನೊಂದು ಹೇಳಿಬಿಡುತ್ತೇನೆ, ನನಗೆ ಇದು ತುಂಬಾ ಇಷ್ಟ. "ಕಾಲ್ ಮಿ ಡಾಕ್ಟರ್" ಅಂದರೆ ನನ್ನನ್ನು ಡಾಕ್ಟರ್ ಅಂತ ಕರೆಯಿರಿ. "ಕಾಲ್ ಮಿ, ಡಾಕ್ಟರ್" ಅಂದರೆ ಡಾಕ್ಟ್ರೇ, ನನಗೆ ಫೋನ್ ಮಾಡಿ. ನಮ್ಮ ಡಾಕ್ಟ್ರೇ, ಮೇಷ್ಟ್ರೇ, ಅಕ್ಕಾ ಇವುಗಳ ಕೊನೆಯ ಎಳೆತ ಮಾಡುವ ಕೆಲಸವನ್ನು ಅಲ್ಲಿ ಕಾಮಾ ಮಾಡುತ್ತದೆ. ಕನ್ನಡದಲ್ಲಿ ಕೂಗಿ ನೋಡಿ. ಎಳೆತ ಬಂದರೆ ಇಂಗ್ಲಿಷ್‌ನಲ್ಲಿ ಕಾಮಾ.

ವಕೀಲ, ಧಾರವಾಡ:

ಕಾಮಾ ಅಂದರೆ ಚಿಲ್ಲರೆ ವಿಷಯ ಅಂದುಕೊಂಡವರು 1940ರ ಡ್ರಗ್ಸ್ ಆಂಡ್ ಕಾಸ್ಮೆಟಿಕ್ಸ್ ಆಕ್ಟಿನ 27ನೇ ಸೆಕ್ಷನ್ ನೋಡಬೇಕು. ಮಹಾರಾಷ್ಟ್ರದಿಂದ ಸುಪ್ರೀಂ ಕೋರ್ಟಿಗೆ ಹೋದ ಕೇಸು, 1979ರ ಲಾ ರಿಪೋರ್ಟಿನಲ್ಲಿದೆ. ಆಗ ಸೆಕ್ಷನ್ನಿನ ಮಾತು ಹೀಗಿತ್ತು: "ಮ್ಯಾನುಫ್ಯಾಕ್ಚರ್ಸ್ ಫಾರ್ ಸೇಲ್, ಸೆಲ್ಸ್, ಸ್ಟಾಕ್ಸ್ ಆರ್ ಎಗ್ಸಿಬಿಟ್ಸ್ ಫಾರ್ ಸೇಲ್". ಒಬ್ಬನ ಹತ್ತಿರ ಮಾತ್ರೆ ಸಿಕ್ಕಿತ್ತು. ಬರೀ ಇಟ್ಟುಕೊಂಡದ್ದೇ ಅಪರಾಧವಾ, ಮಾರಲು ಇಟ್ಟುಕೊಂಡಿದ್ದರೆ ಮಾತ್ರ ಅಪರಾಧವಾ? ಕೋರ್ಟು ಕಾಮಾ ನೋಡಿತು. ಮೊದಲ ತುಂಡಿನ ಕೊನೆಗೆ ಇದೆ, ಸೆಲ್ಸ್ ಆದಮೇಲೆ ಇದೆ, ಸ್ಟಾಕ್ಸ್ ಆದಮೇಲೆ ಇಲ್ಲ. ಅಂದಮೇಲೆ ಫಾರ್ ಸೇಲ್ ಅನ್ನುವುದು ಸ್ಟಾಕ್ಸಿಗೂ ಸೇರುತ್ತದೆ, ಬರೀ ಇಟ್ಟುಕೊಂಡರೆ ಈ ಸೆಕ್ಷನ್ ತಗಲುವುದಿಲ್ಲ ಅಂತಾಯಿತು. ತಮಾಷೆ ಅಂದರೆ, ಕಾಯಿದೆ ಅರ್ಥ ಮಾಡುವಾಗ ಈ ಚಿಹ್ನೆಗಳಿಗೆ ಜಾಸ್ತಿ ತೂಕ ಕೊಡಬಾರದು ಅಂತ 1952ರಲ್ಲಿ ಇದೇ ಕೋರ್ಟು ಹೇಳಿತ್ತು.

ನೀವು ಲಾರಿ ಲೈನಿನವರು, ಇನ್ನೊಂದು ಕೇಳಿ. ಅಮೆರಿಕದ ಮೇನ್ ರಾಜ್ಯದ ಓವರ್‌ಟೈಮ್ ಕಾಯಿದೆಯಲ್ಲಿ, ಓವರ್‌ಟೈಮ್ ಸಿಗದ ಕೆಲಸಗಳ ಪಟ್ಟಿ "ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್" ಅಂತ ಮುಗಿಯುತ್ತಿತ್ತು. ಆರ್ ಮುಂಚೆ ಕಾಮಾ ಇಲ್ಲ. ಇದು ಪ್ಯಾಕಿಂಗ್ ಮಾಡುವವರ ಮಾತು, ನಾವು ಸಾಗಿಸುವವರು ಅಂತ ಓಕ್‌ಹರ್ಸ್ಟ್ ಡೇರಿಯ ಡ್ರೈವರ್‌ಗಳು ಕೋರ್ಟಿಗೆ ಹೋದರು. ಇದು ಎರಡು ಥರ ಓದಿಸಿಕೊಳ್ಳುತ್ತದೆ ಅಂತ 2017ರಲ್ಲಿ ಅಪೀಲು ಕೋರ್ಟು ಅವರ ಕಡೆ ನಿಂತಿತು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿ. ಪಟ್ಟಿಯ ಕೊನೆಯ ಈ ಕಾಮಾಗೆ ಆಕ್ಸ್‌ಫರ್ಡ್ ಕಾಮಾ ಅನ್ನುತ್ತಾರೆ. ಹಾಕುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಬಾಡಿಗೆ, ಡೀಸೆಲ್ ಮತ್ತು ಟೋಲ್ ಅನ್ನುವಂಥ ಸರಳ ಪಟ್ಟಿಗೆ ಯಾವುದಾದರೂ ನಡೆಯುತ್ತದೆ. ಅಗ್ರಿಮೆಂಟಿನಲ್ಲಿ ಮಾತ್ರ ನಾನು ಹಾಕಿಯೇ ಹಾಕುತ್ತೇನೆ.

ಜರ್ಮನಿಯಿಂದ ಒಬ್ಬ ಕನ್ನಡಿಗ:

ನನ್ನ ಕಷ್ಟ ಬೇರೆ. ಇಲ್ಲಿ ದಶಮಾಂಶಕ್ಕೇ ಕಾಮಾ. ಒಂದೂವರೆ ಅಂದರೆ 1,5. ಬಂದ ಹೊಸತರಲ್ಲಿ 12,500 ಬೋಲ್ಟ್ ಬೇಕು ಅಂತ ಮೇಲ್ ಹಾಕಿದೆ. ಹನ್ನೆರಡೂವರೆ ಬೋಲ್ಟ್ ಹೇಗೆ ಕೊಡಲಿ ಅಂತ ಆ ಕಡೆಯವರು ಫೋನ್ ಮಾಡಿ ನಕ್ಕರು. ನಮ್ಮ 1,00,000 ಕೂಡ ಹೊರಗಿನವರಿಗೆ ತಪ್ಪಾಗಿ ಟೈಪ್ ಆದಂತೆ ಕಾಣುತ್ತದೆ, ಅವರು ಬರೆಯುವುದು 100,000. ವಿದೇಶದ ಪಾರ್ಟಿ ಇದ್ದರೆ ಮೊತ್ತವನ್ನು ಅಕ್ಷರದಲ್ಲೂ ಬರೆದುಬಿಡಿ. ಅಂದಹಾಗೆ, ಇಂಗ್ಲಿಷಿನ ದಟ್‌ಗೆ ಜರ್ಮನ್‌ನಲ್ಲಿ ದಸ್ ಇದೆ, ಅದರ ಹಿಂದೆ ಕಾಮಾ ಕಡ್ಡಾಯ. ಒಂದು ಮರೆತು ಇನ್ನೊಂದು ಕಲಿಯುವ ಹೊತ್ತಿಗೆ ಎರಡೂ ಹೋಯಿತು.

ಬೆಂಗಳೂರು, ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನುಯಲ್ ಬರೆಯುವವಳು:

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು ಮೇಲ್ ಬರೆಯೋಕೆ ಆಗಲ್ಲ ಅಣ್ಣ. ನಾನು ಮೊದಲು ಒಂದೂ ಕಾಮಾ ಹಾಕದೆ ಬರೆಯುತ್ತೇನೆ. ಆಮೇಲೆ ಓದುತ್ತೇನೆ. ಎಲ್ಲಿ ಎಡವಿದೆನೋ ಅಲ್ಲಿ ಮಾತ್ರ ಹಾಕುತ್ತೇನೆ. ವಾಕ್ಯಕ್ಕೆ ಮೂರು ಬಂದರೆ ವಾಕ್ಯವನ್ನೇ ಮುರಿಯುತ್ತೇನೆ. ನಮಗೆ ಕಾಮಾ ಕಮ್ಮಿಯಾಗಿ ತಪ್ಪಾಗುವುದಕ್ಕಿಂತ ಜಾಸ್ತಿಯಾಗಿ ತಪ್ಪಾಗುವುದೇ ಹೆಚ್ಚು, ಅಲ್ವಾ? ಬಾಯಿಪಾಠ ಮಾಡಿದ್ದು ಒಂದೇ: ಇಫ್, ವೆನ್ ಮೊದಲು ಬಂದರೆ ಆ ತುಂಡು ಮುಗಿದ ಕಡೆ ಕಾಮಾ. "ವೆನ್ ದ ಟ್ರಕ್ ರೀಚಸ್, ಐ ವಿಲ್ ಕಾಲ್." ತಿರುಗಿಸಿ ಬರೆದರೆ ಬೇಡ. "ಐ ವಿಲ್ ಕಾಲ್ ವೆನ್ ದ ಟ್ರಕ್ ರೀಚಸ್."

ಗ್ರಾಮರ್ ಸಾಫ್ಟ್‌ವೇರನ್ನೂ ಕುರುಡಾಗಿ ನಂಬಬೇಡಿ. ಮೈಸೂರಿನ ಅಕ್ಕ ಹೇಳಿದ ಮಗಳ ವಾಕ್ಯವನ್ನು ಕಾಮಾ ಇಟ್ಟೂ ಇಡದೆಯೂ ಹಾಕಿ ನೋಡಿದೆ. ಎರಡಕ್ಕೂ ತಪ್ಪು ತೋರಿಸಲಿಲ್ಲ. ಪಾಪ, ಆ ಮನೆಯಲ್ಲಿ ಎಷ್ಟು ಹೆಣ್ಣುಮಕ್ಕಳಿದ್ದಾರೆ ಅಂತ ಅದಕ್ಕೇನು ಗೊತ್ತು?

ನಿವೃತ್ತ ಮೇಷ್ಟ್ರು:

ಈ ಹುಡುಗಿಯ ದಾರಿ ನನ್ನದಕ್ಕಿಂತ ಚೆನ್ನಾಗಿದೆ. ಆದರೆ ಎಡವುವುದು ಗೊತ್ತಾಗಬೇಕಾದರೆ ಒಂದಿಷ್ಟು ಒಳ್ಳೆಯ ಇಂಗ್ಲಿಷ್ ಓದಿರಬೇಕಮ್ಮ. ದಿನಾ ಪೇಪರಿನ ಒಂದು ಪ್ಯಾರಾ ಕಾಮಾ ಸಮೇತ ಕೈಯಲ್ಲಿ ಬರೆದರೆ ಸಾಕು. ನನ್ನ ಮಕ್ಕಳಿಗೆ ಕೊನೆಕೊನೆಗೆ ಹಾಗೇ ಮಾಡಿಸುತ್ತಿದ್ದೆ.

ಕೇಳಿದವನು, ಹುಬ್ಬಳ್ಳಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅದೇ ಮೇಲನ್ನು ಮತ್ತೆ ಬರೆದೆ, ನೋಡಿ:

ಡಿಯರ್ ಸರ್, ದ ಟ್ರಕ್ ದಟ್ ಲೆಫ್ಟ್ ಹುಬ್ಬಳ್ಳಿ ಆನ್ ಮಂಡೇ ಹ್ಯಾಸ್ ನಾಟ್ ರೀಚ್ಡ್ ಪುಣೆ. ದ ಡ್ರೈವರ್ ಸೇಸ್ ದಟ್ ಎ ಟೈರ್ ಬರ್ಸ್ಟ್ ನಿಯರ್ ಕೊಲ್ಹಾಪುರ, ಸೋ ಹಿ ವಿಲ್ ರೀಚ್ ಟುಮಾರೋ. ಯುವರ್ಸ್ ಫೇತ್‌ಫುಲಿ

ವಿಚ್ ತೆಗೆದು ದಟ್ ಹಾಕಿದ್ದೇನೆ. ಸರಿಯಾ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು:

ಸರಿ. ವಿಚ್ ಇದ್ದಿದ್ದರೂ ನಾನು ಸುತ್ತು ಹಾಕುತ್ತಿರಲಿಲ್ಲ. ಆದರೆ ಡಿಯರ್ ಸರ್ ಆದಮೇಲೆ ಕಾಮಾ ಇಟ್ಟು, ಯುವರ್ಸ್ ಫೇತ್‌ಫುಲಿ ಆದಮೇಲೆ ಬಿಟ್ಟಿದ್ದೀರಿ. ಇಟ್ಟರೆ ಎರಡೂ ಕಡೆ ಇಡಿ. ಅಂದಹಾಗೆ ಟ್ರಕ್ ತಲುಪಿತಾ?

ಕೇಳಿದವನು, ಹುಬ್ಬಳ್ಳಿ:

ಇಟ್ಟೆ ಸರ್. ಟ್ರಕ್ ನಿನ್ನೆ ಸಂಜೆಯೇ ತಲುಪಿದೆ.